ಅಡುಗೆ ಅನಿಲ: ವಾಸನೆಯ ಕುರುಹು ಮತ್ತು ಸೋರಿಕೆಯ ಪರೀಕ್ಷೆ

ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದಕಾರಣ ಅಲ್ಲಿ ಬೆಂಕಿ ಇರಲೇಬೇಕು ಎಂಬ ಅನುಮಾನದ ನಿದರ್ಶನವು ತರ್ಕಶಾಸ್ತ್ರದ ಅಭ್ಯಾಸಿಗಳಿಗೆ ಮೊದಲ ಪಾಠ. ಹೊಗೆಗೂ ಬೆಂಕಿಗೂ ಇರುವ ಈ ನಿಯತ ಸಂಬಂಧವನ್ನು ಎಲ್ಲಿ ಕಂಡುಕೊಂಡಿರಿ ಎಂದು ಕೇಳಿದರೆ ತಾರ್ಕಿಕರು ಬೆಟ್ಟವನ್ನು ಬಿಟ್ಟು ಅಡುಗೆಮನೆಯನ್ನು ತೋರಿಸುತ್ತಾರೆ. ಮಹಾನಸವೇ ಅವರ ದೃಷ್ಟಾಂತ. ಸೌದೆಯ ಒಲೆ ಉರಿಯುತ್ತಿದ್ದಷ್ಟು ಕಾಲ ಆ ದೃಷ್ಟಾಂತಕ್ಕೆ ಯಾವ ಕುಂದೂ ಬರಲಿಲ್ಲ. ಮಾಡಿನ ಹಂಚುಗಳ ಸಂದಿನಿಂದ ಹೊಗೆ ಏಳುವುದನ್ನು ಕಂಡೇ ಆ ಮನೆಯಲ್ಲಿ ಅಡುಗೆಗೆ ಮೊದಲಾಯಿತೆಂದು ನೆರೆಯವರು ತಿಳಿಯುತ್ತಿದ್ದರು.

ಈಗಿನ ಅಡುಗೆಮನೆಯಲ್ಲಿ ಆ ಹೊಗೆ ಇಲ್ಲ. 1955ರ ಸುಮಾರಿಗೆ ಮುಂಬಯಿಯಲ್ಲಿ ಬರ್ಮಾ ಷೆಲ್ ಸಂಸ್ಥೆಯು ಸಿಲಿಂಡರುಗಳಲ್ಲಿ ತುಂಬಿದ ಅನಿಲವನ್ನು ಮನೆಗಳಿಗೆ ಒದಗಿಸತೊಡಗಿತು. 1965ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ 'ಇಂಡೇನ್' ಮೊದಲ ಬಾರಿಗೆ ಕಲ್ಕತ್ತೆಯ ಮನೆಯೊಂದನ್ನು ಪ್ರವೇಶಿಸಿತು. ಬಹುಕಾಲ ಪಟ್ಟಣಿಗರ ಅನುಕೂಲವೆನಿಸಿದ್ದ ಈ ಇಂಧನವು 2016ರ ಮೇ ತಿಂಗಳಲ್ಲಿ ಆರಂಭವಾದ ಉಜ್ವಲಾ ಯೋಜನೆಯ ತರುವಾಯ ಕುಗ್ರಾಮದ ಗುಡಿಸಲನ್ನೂ ಮುಟ್ಟಿತು. ಕಣ್ಣುರಿ ತಪ್ಪಿತು, ಕೆಮ್ಮು ತಗ್ಗಿತು, ಸೌದೆ ಹೊರುವ ಹೆಣ್ಣುಮಕ್ಕಳ ಶ್ರಮ ಉಳಿಯಿತು. ಇದೆಲ್ಲವೂ ನಿರ್ವಿವಾದ. ಆದರೆ ಒಂದು ವ್ಯತ್ಯಾಸವನ್ನು ಹೆಚ್ಚಿನವರು ಗಮನಿಸಿಲ್ಲ. ಸೌದೆಯ ಒಲೆಯಲ್ಲಿ ಮೊದಲು ಬೆಂಕಿ, ಅನಂತರ ಅದರ ಕುರುಹಾದ ಹೊಗೆ. ಅನಿಲದ ವಿಷಯದಲ್ಲಿ ಈ ಕ್ರಮ ಸಲ್ಲದು. ಬೆಂಕಿ ಹೊತ್ತಿಕೊಂಡ ಮೇಲೆ ಕುರುಹು ದೊರೆತು ಪ್ರಯೋಜನವೇನು? ಇಲ್ಲಿ ಕುರುಹು ಬೆಂಕಿಗಿಂತ ಮುಂಚೆಯೇ ಬರಬೇಕು. ಆ ಕುರುಹೇ ವಾಸನೆ.

ಅಡುಗೆ ಅನಿಲವೆಂಬುದು ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ವಾಯುಗಳ ಮಿಶ್ರಣ. ಒತ್ತಡಕ್ಕೆ ಸಿಲುಕಿ ದ್ರವರೂಪ ತಾಳಿ ಸಿಲಿಂಡರಿನೊಳಗೆ ಇರುತ್ತದೆ. ಹೊರಬಂದರೆ ತನ್ನ ಗಾತ್ರದ ಸುಮಾರು 250 ಪಟ್ಟು ಹಿಗ್ಗಿ ವಾಯುವಾಗುತ್ತದೆ. ಇದಕ್ಕೆ ಬಣ್ಣವಿಲ್ಲ. ಅನೇಕರಿಗೆ ಆಶ್ಚರ್ಯವೆನಿಸಬಹುದಾದ ಸಂಗತಿಯೆಂದರೆ ಇದಕ್ಕೆ ಹೇಳಿಕೊಳ್ಳುವಂತಹ ವಾಸನೆಯೂ ಇಲ್ಲ. 'ಗ್ಯಾಸಿನ ವಾಸನೆ' ಎಂದು ಮನೆಮನೆಯಲ್ಲಿ ಕರೆಯುವುದು ಗ್ಯಾಸಿನ ವಾಸನೆಯಲ್ಲ. ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕಯುಕ್ತ ದ್ರವ್ಯವೊಂದನ್ನು ಅತ್ಯಲ್ಪ ಪ್ರಮಾಣದಲ್ಲಿ ಬುದ್ಧಿಪೂರ್ವಕವಾಗಿ ಅದರಲ್ಲಿ ಬೆರೆಸಿರುತ್ತಾರೆ. ಕೊಳೆತ ಎಲೆಕೋಸಿನಂತೆ, ಕೆಟ್ಟ ಬೆಳ್ಳುಳ್ಳಿಯಂತೆ ನಾರುವುದು ಅದು. ಗಂಧಕವೆಂಬ ಹೆಸರಿನಲ್ಲೇ ಗಂಧ ಅಡಗಿದೆಯಷ್ಟೆ. ವೈಶೇಷಿಕರ ಮತದಂತೆ ಗಂಧವು ಪೃಥಿವಿಯೊಂದರ ವಿಶೇಷ ಗುಣ. ನೀರಿನಲ್ಲಾಗಲಿ ಗಾಳಿಯಲ್ಲಾಗಲಿ ವಾಸನೆ ತೋರಿದರೆ ಅದು ಅವುಗಳಲ್ಲಿ ಬೆರೆತ ಪಾರ್ಥಿವ ಕಣಗಳದ್ದೇ ಹೊರತು ಅವುಗಳದ್ದಲ್ಲ. ಆಧುನಿಕ ರಸಾಯನಶಾಸ್ತ್ರವು ಪಂಚಭೂತಗಳ ಈ ವಿಭಾಗವನ್ನು ಒಪ್ಪದು. ಆದರೂ ಅಡುಗೆ ಅನಿಲದ ಮಟ್ಟಿಗೆ ಹೇಳುವುದಾದರೆ ಗಾಳಿಯಲ್ಲಿ ತೋರುವ ಗಂಧ ಪರಕೀಯ ದ್ರವ್ಯದ್ದೆಂಬ ಮಾತು ಅಕ್ಷರಶಃ ಹೊಂದುತ್ತದೆ.

ಈ ದ್ರವ್ಯದ ಶಕ್ತಿ ಅಸಾಧಾರಣವಾದುದು. ಗಾಳಿಯ ನೂರು ಕೋಟಿ ಪಾಲಿನಲ್ಲಿ ಒಂದು ಪಾಲಿನಷ್ಟು ಬೆರೆತಿದ್ದರೂ ಆರೋಗ್ಯವಂತ ಮೂಗು ಅದನ್ನು ಅರಿಯಬಲ್ಲದು. ಅಡುಗೆ ಅನಿಲವು ಗಾಳಿಯಲ್ಲಿ ನೂರಕ್ಕೆ ಸುಮಾರು 2ರಿಂದ 9 ಪಾಲು ಬೆರೆತಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಳ್ಳುವ ಕನಿಷ್ಠ ಪ್ರಮಾಣದ ಐದನೆಯ ಒಂದು ಭಾಗದಷ್ಟು ಇರುವಾಗಲೇ ವಾಸನೆ ಸ್ಪಷ್ಟವಾಗಿ ತಿಳಿಯುವಂತೆ ಮರ್ಕ್ಯಾಪ್ಟನ್ ಬೆರೆಸಬೇಕೆಂಬುದು ನಿಯಮ. ಮೂಗಿಗೆ ತಟ್ಟಿದ ಕ್ಷಣಕ್ಕೂ ಅಪಾಯಕ್ಕೂ ನಡುವೆ ಕೆಲಸ ಮಾಡಲು ಅವಕಾಶ ಇರಲೆಂಬುದೇ ಇದರ ಉದ್ದೇಶ.

ಈ ನಿಯಮಗಳ ಹಿಂದೆ ಒಂದು ಶಾಲೆಯ ದುರಂತವಿದೆ. ಅಮೆರಿಕದ ಟೆಕ್ಸಾಸ್ ಪ್ರಾಂತದ ನ್ಯೂ ಲಂಡನ್ ಎಂಬ ಊರಿನಲ್ಲಿ ಎಣ್ಣೆಬಾವಿಗಳ ಸಂಪತ್ತಿನಿಂದ ಕಟ್ಟಿದ ದೊಡ್ಡ ಶಾಲೆಯೊಂದಿತ್ತು. ಕಟ್ಟಡವನ್ನು ಬೆಚ್ಚಗಿಡುವ ಖರ್ಚನ್ನು ಉಳಿಸುವ ಸಲುವಾಗಿ ಆಡಳಿತದವರು ಎಣ್ಣೆಬಾವಿಯಿಂದ ವ್ಯರ್ಥವಾಗಿ ಹೊರಬರುತ್ತಿದ್ದ ನೈಸರ್ಗಿಕ ಅನಿಲದ ಕೊಳವೆಗೆ ಶಾಲೆಯ ಕೊಳವೆಯನ್ನು ಜೋಡಿಸಿಕೊಂಡರು. ಆ ಅನಿಲಕ್ಕೆ ವಾಸನೆ ಇರಲಿಲ್ಲ. ಸೋರಿದ ಅನಿಲ ಕಟ್ಟಡದ ನೆಲದಡಿಯ ಪೊಳ್ಳಿನಲ್ಲಿ ತುಂಬಿಕೊಳ್ಳುತ್ತಾ ಹೋಯಿತು. ಮಕ್ಕಳು ತಲೆನೋವೆಂದು ಹೇಳುತ್ತಿದ್ದರೂ ಯಾರಿಗೂ ಕಾರಣ ಹೊಳೆಯಲಿಲ್ಲ. 1937ನೆಯ ಇಸವಿ ಮಾರ್ಚ್ 18ರಂದು ಮಧ್ಯಾಹ್ನ ಮೂರು ಗಂಟೆ ಕಳೆದ ಸ್ವಲ್ಪದರಲ್ಲೇ, ಕೈಕಸಬಿನ ತರಗತಿಯಲ್ಲಿ ವಿದ್ಯುತ್ ಉಪಕರಣವೊಂದನ್ನು ಚಾಲೂ ಮಾಡಿದಾಗ ಸಿಡಿದ ಕಿಡಿಯಿಂದ ಇಡೀ ಕಟ್ಟಡ ಆಸ್ಫೋಟಿಸಿತು. ಸುಮಾರು 300 ಮಂದಿ ಮಕ್ಕಳೂ ಉಪಾಧ್ಯಾಯರೂ ಮಡಿದರು. ಅನಿಲಕ್ಕೆ ವಾಸನೆ ಬೆರೆಸಲೇಬೇಕೆಂದು ಟೆಕ್ಸಾಸ್ ಪ್ರಾಂತವು ಅದೇ ವರ್ಷ ಶಾಸನ ಮಾಡಿತು. ಕ್ರಮೇಣ ಇತರ ದೇಶಗಳಲ್ಲಿಯೂ ಈ ಪದ್ಧತಿ ನೆಲೆಯೂರಿತು. ಅಡುಗೆಮನೆಯಲ್ಲಿ ಮೂಗು ಮುರಿಯುವಂತೆ ಮಾಡುವ ಆ ದುರ್ನಾತವನ್ನು ಯಾರೂ ಹಳಿಯಬಾರದು.

ಸೋರಿದ ಅನಿಲ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಬಹುಮಂದಿಯ ಉತ್ತರ ತಪ್ಪಾಗಿರುತ್ತದೆ. ಹೊಗೆಯ ಅಭ್ಯಾಸದಿಂದ, ಇದೂ ಮೇಲಕ್ಕೆ ಏರುತ್ತದೆಂದು ಭಾವಿಸುವವರೇ ಹೆಚ್ಚು. ಸಿಲಿಂಡರಿನ ಅನಿಲವಾದರೋ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾದುದು. ಚೆಲ್ಲಿದ ನೀರಿನಂತೆ ಕೆಳಗಿಳಿದು ನೆಲವನ್ನು ಹಿಡಿದು ಹರಿಯುತ್ತದೆ. ತಗ್ಗಿದ್ದ ಕಡೆ ನಿಲ್ಲುತ್ತದೆ. ಹಳೆಯ ಮನೆಗಳ ಎತ್ತರವಾದ ಹೊಸ್ತಿಲು ಈ ದೃಷ್ಟಿಯಿಂದ ಕೆರೆಯ ಏರಿಯಂತೆ ಅದನ್ನು ಒಳಗೇ ತಡೆದು ನಿಲ್ಲಿಸುತ್ತದೆ. ಹೊಗೆ ಹೋಗಲೆಂದು ಮೇಲೆ ಇಟ್ಟ ಗವಾಕ್ಷಿಯಿಂದ ಇದಕ್ಕೆ ಪ್ರಯೋಜನ ಕಡಿಮೆ. ನೆಲದ ಮಟ್ಟದಲ್ಲಿ ಒಂದು ಕಿಂಡಿ ಇರಬೇಕು.

ಒಂದು ಲೆಕ್ಕವನ್ನು ನೋಡಬಹುದು. ಉದ್ದ, ಅಗಲ, ಎತ್ತರ ಮೂರೂ 3 ಮೀಟರ್ ಇರುವ ಅಡುಗೆಮನೆಯಲ್ಲಿ 27 ಘನ ಮೀಟರ್ ಗಾಳಿ ಇರುತ್ತದೆ. ಅದರ ನೂರಕ್ಕೆ ಎರಡು ಪಾಲೆಂದರೆ ಅರ್ಧ ಘನ ಮೀಟರಿಗಿಂತ ಸ್ವಲ್ಪ ಹೆಚ್ಚು. ತೂಕದಲ್ಲಿ ಸುಮಾರು 1.2 ಕಿಲೋ. ತುಂಬಿದ ಸಿಲಿಂಡರಿನಲ್ಲಿ ಇರುವುದು 14.2 ಕಿಲೋ. ಅಂದರೆ ಹನ್ನೆರಡನೆಯ ಒಂದು ಭಾಗ ಸೋರಿದರೂ ಇಡೀ ಕೋಣೆ ಅಪಾಯದ ಅಂಚಿಗೆ ಬರುತ್ತದೆ. ಅದು ಸಮನಾಗಿ ಹರಡದೆ ನೆಲದಿಂದ ಅರ್ಧ ಮೀಟರ್ ಎತ್ತರದವರೆಗೆ ಮಾತ್ರ ನಿಂತಿತೆನ್ನಿ. ಆಗ 200 ಗ್ರಾಂ ಸಾಕು. ನಿಂತವರ ಮೂಗಿಗೆ ವಾಸನೆ ಮಂದವಾಗಿರುವಾಗಲೇ ನೆಲದ ಮೇಲೆ ಉರಿಯುವ ದೇವರ ದೀಪಕ್ಕೆ ಅನಿಲ ತಲಪಿರಬಹುದು.

ಇದೇ ಗುಣವು ದೊಡ್ಡ ಪ್ರಮಾಣದಲ್ಲಿ ಎಂತಹ ಅನಾಹುತಕ್ಕೆ ಕಾರಣವಾದೀತೆಂಬುದನ್ನು ಪಶ್ಚಿಮ ಕರಾವಳಿಯು ಕಂಡಿದೆ. 2012ರ ಆಗಸ್ಟಿನಲ್ಲಿ ಕಣ್ಣೂರಿನ ಚಾಲದಲ್ಲಿ, 2013ರ ಏಪ್ರಿಲಿನಲ್ಲಿ ದಕ್ಷಿಣ ಕನ್ನಡದ ಪೆರ್ನೆಯಲ್ಲಿ, 2015ರ ಸೆಪ್ಟೆಂಬರಿನಲ್ಲಿ ಕುಮಟಾ ತಾಲ್ಲೂಕಿನ ಬರ್ಗಿಯಲ್ಲಿ ಅನಿಲದ ಟ್ಯಾಂಕರುಗಳು ಅಪಘಾತಕ್ಕೀಡಾಗಿ, ಸೋರಿದ ಅನಿಲ ಹೊತ್ತಿಕೊಂಡು ಹಲವರು ಪ್ರಾಣ ಕಳೆದುಕೊಂಡರು. ಟ್ಯಾಂಕರಿನಲ್ಲಿ ಇದ್ದುದೂ ಅಡುಗೆಮನೆಯ ಸಿಲಿಂಡರಿನಲ್ಲಿ ಇರುವುದೂ ಒಂದೇ ದ್ರವ್ಯ.

ಕೊಳವೆಯ ಮೂಲಕ ಮನೆಗೆ ಬರುವ ನೈಸರ್ಗಿಕ ಅನಿಲದ ಸ್ವಭಾವ ಇದಕ್ಕೆ ವಿರುದ್ಧವಾದುದು. ಕೊಚ್ಚಿಯಿಂದ ಮಂಗಳೂರಿಗೆ ಹಾಕಿದ ಕೊಳವೆ ಮಾರ್ಗವು 2021ರ ಜನವರಿಯಲ್ಲಿ ಉದ್ಘಾಟನೆಗೊಂಡ ಮೇಲೆ ಕರಾವಳಿಯವರಿಗೂ ಅದರ ಪರಿಚಯವಾಗುತ್ತಿದೆ. ಅದು ಬಹುಪಾಲು ಮೀಥೇನ್, ಗಾಳಿಗಿಂತ ಹಗುರ. ಮೇಲೇರಿ ತಾರಸಿಯ ಕೆಳಗೆ ನಿಲ್ಲುತ್ತದೆ. ಸೋರಿಕೆಯನ್ನು ಅರಿತು ಕೂಗುವ ವಿದ್ಯುನ್ಮಾನ ಯಂತ್ರಗಳನ್ನು ಕೊಳ್ಳುವವರು ಈ ಭೇದವನ್ನು ನೆನಪಿಡತಕ್ಕದ್ದು. ಸಿಲಿಂಡರ್ ಇರುವ ಮನೆಯಲ್ಲಿ ಯಂತ್ರವು ನೆಲದಿಂದ ಒಂದು ಅಡಿಯಷ್ಟು ಎತ್ತರದಲ್ಲಿರಬೇಕು, ಕೊಳವೆಯ ಅನಿಲವಿರುವ ಮನೆಯಲ್ಲಿ ಮಾಡಿನ ಸಮೀಪದಲ್ಲಿರಬೇಕು. ಗಡಿಯಾರದ ಪಕ್ಕದಲ್ಲಿ ಅಂದಕ್ಕೆಂದು ತೂಗುಹಾಕಿದ ಯಂತ್ರವು ಸಿಲಿಂಡರಿನ ಅನಿಲವನ್ನು ಅರಿಯುವ ವೇಳೆಗೆ ಕಾಲ ಮಿಂಚಿರುತ್ತದೆ.

ಇಷ್ಟು ಪ್ರಬಲವಾದ ವಾಸನೆಯನ್ನು ಬೆರೆಸಿದ ಮೇಲೂ ಸೋರಿಕೆ ತಿಳಿಯದೆ ಹೋಗುವುದುಂಟೆ? ಉಂಟು. ಉಡುಪಿ ಜಿಲ್ಲೆಯ ಗಂಗೊಳ್ಳಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕೂಡಿ ಕಡಲು ಸೇರುವ ಅಳಿವೆಯ ಉತ್ತರ ದಡದಲ್ಲಿರುವ ಈ ಊರು ಮೀನುಗಾರಿಕೆಯ ಬಂದರು. ಹಂಗಾಮಿನಲ್ಲಿ ದಕ್ಕೆಯ ಮೇಲೆ ಮೀನಿನ ರಾಶಿ, ಬಯಲಿನಲ್ಲಿ ಒಣಮೀನು, ಗಾಳಿಯಲ್ಲಿ ಉಪ್ಪು. ಪರಸ್ಥಳದವನು ಬಸ್ಸಿನಿಂದ ಇಳಿದೊಡನೆ ಮೂಗಿಗೆ ವಸ್ತ್ರ ಹಿಡಿಯುತ್ತಾನೆ. ಊರಿನವರಿಗೆ ಅದೊಂದು ವಾಸನೆಯೆಂಬ ಅರಿವೇ ಇರುವುದಿಲ್ಲ. ಇದರಲ್ಲಿ ಹೀನಾಯವೇನೂ ಇಲ್ಲ. ಸುಣ್ಣದ ಭಟ್ಟಿಯವರಿಗೂ ಗಾಣದವರಿಗೂ ಹೂವಿನ ಅಂಗಡಿಯವರಿಗೂ ಇದೇ ಸ್ಥಿತಿ. ಒಂದೇ ವಾಸನೆಯನ್ನು ನಿರಂತರವಾಗಿ ಆಘ್ರಾಣಿಸಿದ ಮೂಗು ಕೆಲವು ನಿಮಿಷಗಳಲ್ಲೇ ಅದನ್ನು ಗ್ರಹಿಸುವುದನ್ನು ನಿಲ್ಲಿಸುತ್ತದೆ. ಗಂಗೊಳ್ಳಿಯಂತಹ ಊರಿನಲ್ಲಿ ಇನ್ನೊಂದು ತೊಡಕೂ ಸೇರುತ್ತದೆ: ಮೀನು ಕೊಳೆಯುವಾಗ ಹುಟ್ಟುವ ದ್ರವ್ಯಗಳಲ್ಲಿ ಮೀಥೈಲ್ ಮರ್ಕ್ಯಾಪ್ಟನ್ನೂ ಒಂದು. ಅದು ಸಿಲಿಂಡರಿನಲ್ಲಿ ಬೆರೆಸುವ ದ್ರವ್ಯದ ದಾಯಾದಿ. ಎಚ್ಚರಿಕೆಯ ವಾಸನೆಯು ಅದೇ ಕುಲದ ನಿತ್ಯದ ವಾಸನೆಯಲ್ಲಿ ಕರಗಿಹೋಗಬಹುದು.

ಅಡುಗೆಮನೆಯಲ್ಲಿಯೂ ಹಾಗೆಯೇ. ಸಣ್ಣ ಸೋರಿಕೆಯ ನಡುವೆ ಕುಳಿತು ಕೆಲಸ ಮಾಡುತ್ತಿರುವ ಗೃಹಿಣಿಗೆ ಮೊದಲು ತೋರಿದ ವಾಸನೆ ಕ್ರಮೇಣ ಇಲ್ಲವಾಗುತ್ತದೆ. ಅದು ಹೋಯಿತೆಂದು ಆಕೆ ಸಮಾಧಾನಪಡುತ್ತಾಳೆ, ಹೊರಗಿನಿಂದ ಬಂದ ಮಗ ಬಾಗಿಲಲ್ಲೇ "ಏನವ್ವಾ, ಗ್ಯಾಸ್ ವಾಸನೆ!" ಎನ್ನುತ್ತಾನೆ. ಈ ಸಂದರ್ಭದಲ್ಲಿ ನಂಬಬೇಕಾದುದು ಹೊರಗಿನಿಂದ ಬಂದವನ ಮೂಗನ್ನು. ನೆಗಡಿಯಾದವರಿಗೆ ವಾಸನೆ ತಿಳಿಯದು. ವಯಸ್ಸಾದಂತೆ ಘ್ರಾಣಶಕ್ತಿ ಕುಂದುತ್ತದೆ. 2020ರಿಂದೀಚೆಗೆ ಕೋವಿಡ್ ರೋಗದಿಂದ ಎಷ್ಟೋ ಜನ ವಾಸನೆಯ ಅರಿವನ್ನು ಕಳೆದುಕೊಂಡರು. ಕೆಲವರಿಗೆ ಅದು ತಿಂಗಳುಗಟ್ಟಲೆ ಮರಳಲಿಲ್ಲ. ದೋಷ ಮೂಗಿನದೇ ಆಗಿರಬೇಕೆಂದೂ ಇಲ್ಲ. ಸಿಲಿಂಡರಿನ ಒಳಮೈಯ ತುಕ್ಕು ಮರ್ಕ್ಯಾಪ್ಟನ್ನನ್ನು ಮಾರ್ಪಡಿಸಿ ಅದರ ವಾಸನೆಯನ್ನು ತಗ್ಗಿಸಬಲ್ಲದು. ನೆಲದಡಿಯ ಕೊಳವೆಯಿಂದ ಸೋರಿದ ಅನಿಲ ಮಣ್ಣಿನ ಮೂಲಕ ಹಾದುಬರುವಾಗ ವಾಸನೆಯನ್ನು ಮಣ್ಣಿಗೆ ಬಿಟ್ಟುಕೊಟ್ಟು ಬರುವುದುಂಟು.

ತಾರ್ಕಿಕರ ಪರಿಭಾಷೆ ಇಲ್ಲಿ ಮತ್ತೊಮ್ಮೆ ಸಹಾಯಕ್ಕೆ ಬರುತ್ತದೆ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ. ಆದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕಾಗಿಲ್ಲ. ಕಾದು ಕೆಂಪಾದ ಕಬ್ಬಿಣದ ಉಂಡೆಯಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಾಗೆಯೇ ವಾಸನೆ ಬಂದರೆ ಅನಿಲ ಸೋರಿದೆಯೆಂದು ತಿಳಿಯಬೇಕು. ವಾಸನೆ ಬಾರದಿದ್ದರೆ ಸೋರಿಲ್ಲವೆಂದು ತಿಳಿಯಕೂಡದು. ನೆಲದ ಮೇಲೆ ಮಡಕೆ ಕಾಣಲಿಲ್ಲವಾದ್ದರಿಂದ ಮಡಕೆ ಇಲ್ಲವೆಂಬ ನಿರ್ಣಯ ಬೆಳಕಿರುವ ಕೋಣೆಯಲ್ಲಿ ಸಲ್ಲುತ್ತದೆ, ಕತ್ತಲ ಕೋಣೆಯಲ್ಲಿ ಸಲ್ಲದು. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬಂತಿದ್ದಾಗ ಮಾತ್ರ ಕಾಣದಿರುವಿಕೆಯು ಅಭಾವಕ್ಕೆ ಪ್ರಮಾಣ. ಇದನ್ನು ಯೋಗ್ಯಾನುಪಲಬ್ಧಿ ಎನ್ನುತ್ತಾರೆ. ನೆಗಡಿಯ ಮೂಗು ಕತ್ತಲ ಕೋಣೆ. ಪಳಗಿಹೋದ ಮೂಗೂ ಕತ್ತಲ ಕೋಣೆಯೇ. ಆದಕಾರಣ ಮೂಗಿನ ಸಾಕ್ಷ್ಯದ ಜೊತೆಗೆ ಕಣ್ಣಿನ ಸಾಕ್ಷ್ಯವೂ ಬೇಕಾಗುತ್ತದೆ.

ಆ ಸಾಕ್ಷ್ಯವನ್ನು ಒದಗಿಸುವುದು ಸಾಬೂನಿನ ನೊರೆ. ಬಟ್ಟಲು ನೀರಿನಲ್ಲಿ ಸಾಬೂನನ್ನು ಚೆನ್ನಾಗಿ ಕದಡಬೇಕು. ಮನೆಯಲ್ಲಿ ಉರಿ, ದೀಪ, ಊದುಕಡ್ಡಿ ಯಾವುದೂ ಇಲ್ಲದಂತೆ ನೋಡಿಕೊಂಡು, ಕಿಟಕಿ ಬಾಗಿಲು ತೆರೆದು, ಒಲೆಯ ಗುಂಡಿಗಳನ್ನು ಮುಚ್ಚಿಟ್ಟು ರೆಗ್ಯುಲೇಟರನ್ನು ಮಾತ್ರ ತೆರೆಯಬೇಕು. ಅನಂತರ ಸಣ್ಣ ಕುಂಚದಿಂದ ಆ ನೊರೆಯನ್ನು ರೆಗ್ಯುಲೇಟರು ಸಿಲಿಂಡರಿನ ಮೇಲೆ ಕುಳಿತ ಕೂಡುಸ್ಥಳಕ್ಕೂ ರಬ್ಬರ್ ಕೊಳವೆಯ ಎರಡು ತುದಿಗಳಿಗೂ ಕೊಳವೆಯ ಉದ್ದಕ್ಕೂ ಒಲೆಯ ಗುಂಡಿಗಳ ಬುಡಕ್ಕೂ ಹಚ್ಚಬೇಕು. ಹಚ್ಚುವಾಗ ಏಳುವ ಗುಳ್ಳೆ ಲೆಕ್ಕಕ್ಕಿಲ್ಲ. ಹಚ್ಚಿ ಬಿಟ್ಟ ಮೇಲೆ ಒಂದೇ ಜಾಗದಲ್ಲಿ ಹುಟ್ಟಿ, ಉಬ್ಬಿ, ಒಡೆದು, ಮತ್ತೆ ಹುಟ್ಟುವ ಗುಳ್ಳೆಯೇ ಸೋರಿಕೆಯ ಗುರುತು. ಅವಸರ ಮಾಡದೆ ಪ್ರತಿ ಸಂದಿನಲ್ಲೂ ನಿಂತು ನೋಡಬೇಕು. ಸಣ್ಣ ಸೋರಿಕೆಯ ಗುಳ್ಳೆ ಬೆಳೆಯಲು ಅರ್ಧ ನಿಮಿಷವಾದರೂ ಹಿಡಿದೀತು. ಪರೀಕ್ಷೆ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿಬಿಡಬೇಕು. ಕಡಲ ಗಾಳಿಯ ಊರುಗಳಲ್ಲಿ ಲೋಹ ಬೇಗ ತುಕ್ಕು ಹಿಡಿಯುವುದರಿಂದ ಈ ಪರೀಕ್ಷೆಯನ್ನು ಇನ್ನಷ್ಟು ಬೇಗ ಬೇಗ ಮಾಡುವುದು ಯುಕ್ತ.

ಬೆಂಕಿಕಡ್ಡಿ ಗೀರಿ ಸಂದಿಗೆ ಹಿಡಿದು 'ಹತ್ತಿಕೊಂಡರೆ ಸೋರುತ್ತಿದೆ' ಎಂದು ನಿರ್ಣಯಿಸುವ ಧೀರರೂ ಇದ್ದಾರೆ. ಹಾವು ಸತ್ತಿದೆಯೋ ಇಲ್ಲವೋ ಎಂದು ಅದರ ಬಾಯಿಗೆ ಬೆರಳಿಟ್ಟು ನೋಡುವವರ ಸಾಲಿಗೆ ಅವರನ್ನು ಸೇರಿಸಬಹುದು.

ಹೊಸ ಸಿಲಿಂಡರ್ ಮನೆಗೆ ಬಂದಾಗ ಅದನ್ನು ತಂದವನ ಎದುರಿನಲ್ಲೇ ಪರೀಕ್ಷೆ ಆಗಬೇಕು. ಮುಚ್ಚಳ ತೆಗೆದು ಮೇಲಿನ ಕವಾಟದ ಕುಳಿಗೆ ನಾಲ್ಕು ಹನಿ ನೀರು ಹಾಕಿದರೆ, ಕವಾಟ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ಗುಳ್ಳೆ ಕಾಣುತ್ತದೆ. ಅಂಥದನ್ನು ಹಿಂದಕ್ಕೆ ಕಳುಹಿಸುವ ಹಕ್ಕು ಗ್ರಾಹಕನಿಗೆ ಇದೆ, ದಾಕ್ಷಿಣ್ಯಪಡಬೇಕಾಗಿಲ್ಲ. ಸಿಲಿಂಡರಿನ ಕೊರಳ ಸುತ್ತಲಿನ ಪಟ್ಟಿಯ ಒಳಮೈಯಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲೊಂದೂ ಇಸವಿಯ ಕೊನೆಯ ಎರಡು ಅಂಕಿಗಳೂ ಬರೆದಿರುತ್ತವೆ. ಎ ಎಂದರೆ ಮಾರ್ಚ್, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್ ಕೊನೆ. ಅಷ್ಟರೊಳಗೆ ಆ ಸಿಲಿಂಡರನ್ನು ಮರುಪರೀಕ್ಷೆಗೆ ಒಪ್ಪಿಸಬೇಕೆಂದು ಅರ್ಥ. ಗಡುವು ಮೀರಿದ್ದನ್ನು ತೆಗೆದುಕೊಳ್ಳಬಾರದು. ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಕೊಳೆಯಾದೀತೆಂದು ಅದಕ್ಕೆ ಬಟ್ಟೆಯ ಕವಚ ತೊಡಿಸುವ ಅಭ್ಯಾಸ ಒಳ್ಳೆಯದಲ್ಲ. ಬಿರುಕಾಗಲಿ ಇಲಿ ಕಚ್ಚಿದ ಗುರುತಾಗಲಿ ಅದರಡಿಯಲ್ಲಿ ಮರೆಯಾಗುತ್ತದೆ.

ಸಿಲಿಂಡರ್ ಮುಗಿಯುತ್ತಾ ಬಂದಾಗ ವಾಸನೆ ಹೆಚ್ಚುವುದನ್ನು ಗೃಹಿಣಿಯರು ಬಲ್ಲರು. ಮರ್ಕ್ಯಾಪ್ಟನ್ ಅನಿಲಕ್ಕಿಂತ ನಿಧಾನವಾಗಿ ಆವಿಯಾಗುವುದರಿಂದ ತಳದಲ್ಲಿ ಹೆಚ್ಚಾಗಿ ಉಳಿದುಕೊಂಡಿರುತ್ತದೆ. 'ಮುಗಿಯಲಿಕ್ಕಾಯಿತು, ಅದಕ್ಕೇ ವಾಸನೆ' ಎಂಬ ಸಮಾಧಾನವನ್ನು ಮಾತ್ರ ನೊರೆಯ ಪರೀಕ್ಷೆ ಮಾಡದೆ ತಂದುಕೊಳ್ಳಬಾರದು.

ವಾಸನೆ ಬಂದೇಬಿಟ್ಟರೆ ಪರೀಕ್ಷೆಯ ಕಾಲ ಅದಲ್ಲ. ಉರಿಯುವುದನ್ನೆಲ್ಲ ಆರಿಸಿ, ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಮನೆಮಂದಿಯನ್ನು ಹೊರಗೆ ಕಳುಹಿಸಬೇಕು. ವಿದ್ಯುದ್ದೀಪದ ಗುಂಡಿಯನ್ನು ಒತ್ತಲೇಬಾರದು; ಹಾಕುವುದೂ ಬೇಡ, ಆರಿಸುವುದೂ ಬೇಡ, ಎರಡರಲ್ಲೂ ಕಿಡಿ ಹುಟ್ಟುತ್ತದೆ. ಗಾಳಿ ಆಡಲೆಂದು ಬೀಸಣಿಗೆ ಯಂತ್ರವನ್ನು ಚಾಲೂ ಮಾಡುವುದು ಸದ್ಭಾವನೆಯಿಂದ ಆಗುವ ತಪ್ಪು. ನ್ಯೂ ಲಂಡನ್ನಿನ ಶಾಲೆಯನ್ನು ಕೆಡವಿದ್ದೂ ಅಂತಹ ಒಂದು ಕಿಡಿಯೇ. ರೆಗ್ಯುಲೇಟರ್ ಮುಚ್ಚಿದರೂ ಸೋರುತ್ತಿದ್ದರೆ ಅದನ್ನು ಬಿಡಿಸಿ, ದಾರಕ್ಕೆ ಕಟ್ಟಿರುವ ಮುಚ್ಚಳವನ್ನು ಕವಾಟದ ಮೇಲೆ ಒತ್ತಿ ಕೂರಿಸಬೇಕು. ಸಿಲಿಂಡರ್ ಖರೀದಿಸಿದ ದಿನವೇ ಆ ಮುಚ್ಚಳವನ್ನು ಕಿತ್ತೆಸೆಯುವ ಮನೆಗಳು ಎಷ್ಟೋ ಇವೆ.

ಹೊರಗಿನ ನೆರವು ಬರುವವರೆಗಿನ ಮೊದಲ ನಿಮಿಷಗಳು ಮನೆಯವರ ಕೈಯಲ್ಲಿಯೇ ಇರುತ್ತವೆ. ಗಂಗೊಳ್ಳಿಯಲ್ಲಿ ನಿಂತರೆ ಕುಂದಾಪುರ ಪಟ್ಟಣ ಅಳಿವೆಯ ಆಚೆ ಕಣ್ಣಿಗೆ ಕಾಣುತ್ತದೆ. ರಸ್ತೆಯಲ್ಲಿ ಬರಬೇಕಾದವರು ಮಾತ್ರ ಹೊಳೆಗಳನ್ನು ದಾಟಿ ಸುತ್ತಿಕೊಂಡೇ ಬರಬೇಕು. ಅಲ್ಲಿಯ ಬೋಟುಗಳ ಸ್ಥಿತಿ ಇನ್ನೂ ಸೂಕ್ಷ್ಮ. ದಿನಗಟ್ಟಲೆ ಆಳಸಮುದ್ರದಲ್ಲಿರುವ ಬೋಟುಗಳಲ್ಲಿ ಅಡುಗೆಗೆ ಸಿಲಿಂಡರ್ ಇರುತ್ತದೆ. ಬೋಟೆಂಬುದು ಆಕಾರದಲ್ಲಿ ಒಂದು ದೊಡ್ಡ ಬೋಗುಣಿ. ಮನೆಯಲ್ಲಿ ಸೋರಿದ ಅನಿಲ ಬಾಗಿಲಿನಿಂದಾದರೂ ಹೊರಗೆ ಹರಿದುಹೋದೀತು. ಬೋಟಿನ ತಳಕ್ಕೆ ಇಳಿದ ಅನಿಲಕ್ಕೆ ಹೊರದಾರಿಯಿಲ್ಲ, ಎಂಜಿನ್ ಇರುವುದೂ ಅಲ್ಲಿಯೇ. ಸಿಲಿಂಡರನ್ನು ಮೇಲಂತಸ್ತಿನಲ್ಲಿ ಗಾಳಿಯಾಡುವ ಕಡೆ ನೆಟ್ಟಗೆ ಕಟ್ಟಿಡುವುದೂ, ಎಂಜಿನ್ ಚಾಲೂ ಮಾಡುವ ಮೊದಲು ಕೆಳಗಿನ ಕೋಣೆಯನ್ನು ತೆರೆದು ಗಾಳಿಗೆ ಬಿಡುವುದೂ ತಾಂಡೇಲನಾದವನು ಬಲೆಯನ್ನು ನೋಡಿಕೊಳ್ಳುವಷ್ಟೇ ಆಸ್ಥೆಯಿಂದ ಮಾಡಿಸಬೇಕಾದ ಕೆಲಸ.

ಶಾಲೆಗಳ ಮಾತಿಗೆ ಬಂದರೆ, 2002ರಲ್ಲಿ ಅಕ್ಷರ ದಾಸೋಹ ಆರಂಭವಾದ ಬಳಿಕ ಅಡುಗೆಮನೆಯು ಪಾಠಶಾಲೆಯ ಅಂಗವೇ ಆಗಿದೆ. ಪ್ರಸಾದನಿಲಯಗಳಲ್ಲಿ ನೂರಾರು ಮಕ್ಕಳಿಗೆ ಎರಡು ಹೊತ್ತು ಬೇಯಿಸುವ ಒಲೆಗಳಿಗೆ ಹಲವು ಸಿಲಿಂಡರುಗಳು ಒಟ್ಟಿಗೆ ಜೋಡಣೆಗೊಂಡಿರುತ್ತವೆ. ಅಲ್ಲಿ ಮುಂಜಾನೆ ಮೊದಲು ಬಾಗಿಲು ತೆರೆಯುವವರು ದೀಪದ ಗುಂಡಿಗೆ ಕೈಹಾಕದೆ, ಕಿಟಕಿಗಳನ್ನು ತೆರೆದು, ಬಾಗಿ ನೆಲದ ಸಮೀಪದ ಗಾಳಿಯನ್ನು ಮೂಸಿ ನೋಡಿ, ಅನಂತರವೇ ಒಲೆ ಹೊತ್ತಿಸುವ ರೂಢಿ ಇರಬೇಕು. ಸಿಲಿಂಡರ್ ಬದಲಾಯಿಸಿದಾಗಲೆಲ್ಲ ನೊರೆಯ ಪರೀಕ್ಷೆ ಮಾಡಿದ ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಮುಖ್ಯೋಪಾಧ್ಯಾಯರಿಗೆ ಹೊರೆಯಾಗಲಾರದು. ಕಟ್ಟಡಕ್ಕೆ ದಾನ ಕೊಡುವ ಮಹನೀಯರು ಅಡುಗೆಮನೆಯ ನಕ್ಷೆಯನ್ನು ನೋಡುವಾಗ ಗೋಡೆಯ ಬುಡದಲ್ಲಿ ಕಿಂಡಿ ಇದೆಯೇ ಎಂದೂ, ಸಿಲಿಂಡರುಗಳಿಗೆ ಹೊರಗೆ ಪ್ರತ್ಯೇಕ ಸ್ಥಳವಿದೆಯೇ ಎಂದೂ ಒಂದು ಮಾತು ಕೇಳಬಹುದು. ಅನಿಲ ಸೋರಿಕೆಯ ತುರ್ತು ಕರೆಗೆ 2016ರ ಜನವರಿಯಿಂದ ದೇಶಕ್ಕೆಲ್ಲ 1906 ಎಂಬ ಒಂದೇ ಸಂಖ್ಯೆ ಇದೆ. ಅದನ್ನು ಒಲೆಯ ಮೇಲಿನ ಗೋಡೆಯಲ್ಲಿ ಬರೆಸದೆ ಹೊರಬಾಗಿಲ ಆಚೆ, ಅಂಗಳದಲ್ಲಿ ನಿಂತವರಿಗೆ ಕಾಣುವ ಕಡೆ ಬರೆಸಬೇಕು. ದೂರವಾಣಿಯ ಕರೆ ಮಾಡಬೇಕಾದುದು ಅಲ್ಲಿಂದ.